ಏನು ಬಂತು ಅಂತ ಕೇಳಬೇಡಿ

ಕಣ್ಣಿನ ಆಸ್ಪತ್ರೆಯ ಒಳಕೋಣೆಯಲ್ಲಿ ಒಂದು ಯಂತ್ರ ಇದೆ. ದೊಡ್ಡ ಬಿಳಿ ಬೋಗುಣಿಯೊಂದನ್ನು ಅಡ್ಡ ನಿಲ್ಲಿಸಿದ ಹಾಗೆ ಕಾಣುತ್ತದೆ. ಗದ್ದ ಇಡಲು ಒಂದು ತಟ್ಟೆ, ಹಣೆ ಒತ್ತಲು ಒಂದು ಪಟ್ಟಿ, ಕಣ್ಣಿನ ಮುಂದೆ ಒಂದು ಲೆನ್ಸು, ಕೈಗೆ ಒಂದು ಗುಂಡಿ. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ಬೋಗುಣಿಯ ನಡುವಿನ ದೀಪವನ್ನೇ ನೋಡುತ್ತಾ ಕೂರಬೇಕು. ಮೇಲೆ ಕೆಳಗೆ, ಆ ಕಡೆ ಈ ಕಡೆ ಬೆಳಕಿನ ಚುಕ್ಕೆಗಳು ಮಿಣಕ್ ಅಂದು ಹೋಗುತ್ತವೆ. ಕೆಲವು ದಿಟ್ಟವಾಗಿ, ಕೆಲವು ಇದೆಯೋ ಇಲ್ಲವೋ ಅನ್ನುವಷ್ಟು ಬಡಕಲಾಗಿ. ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಯಾವ ಕಡೆ ಕಾಣಲಿಲ್ಲವೋ ಆ ಕಡೆ, ಆಮೇಲೆ ಬರುವ ಚಿತ್ರದಲ್ಲಿ ಕಪ್ಪು ಬೀಳುತ್ತದೆ. ಯಂತ್ರದ ಕತೆ ಇಷ್ಟೇ.

ಈ ಕತೆ ಅದರ ಪಕ್ಕದ ಸ್ಟೂಲಿನ ಮೇಲೆ ಕೂರುವ ಹೆಂಗಸಿನದು. ಆಸ್ಪತ್ರೆಗೆ ಬರುವವರು ಅವಳನ್ನು ಚುಕ್ಕಿಯಕ್ಕ ಅನ್ನುತ್ತಾರೆ. ಹೆಸರು ಯಾರು ಇಟ್ಟರೋ, ಅಂಟಿಕೊಂಡಿತು. ಕೋಣೆಗೆ ಕಿಟಕಿ ಇಲ್ಲ, ಯಂತ್ರಕ್ಕೆ ಕತ್ತಲು ಬೇಕು, ತಂಪೂ ಬೇಕು. ಹಾಗಾಗಿ ಬೇಸಿಗೆಯಲ್ಲೂ ಅವಳ ಮೈಮೇಲೆ ಗಂಡನ ಹಳೇ ಸ್ವೆಟರ್ ಇರುತ್ತದೆ. ಹೊರಗೆ ಬಂದಾಗ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಆಗ ತಾನೇ ನಿದ್ದೆಯಿಂದ ಎದ್ದವಳ ಹಾಗೆ ಕಾಣುತ್ತಾಳೆ.

ಅವಳು ಸಾಧು ಹೆಂಗಸು, ಮೆಲುಮಾತಿನವಳು ಅಂತೆಲ್ಲ ಬರೆಯಲು ಆಗುವುದಿಲ್ಲ. ಬಾಯಿ ಜೋರು. ನೀರಿನ ಟ್ಯಾಂಕರಿನ ಮುಂದೆ ಜಗಳ ಹತ್ತಿದರೆ ಅವಳ ದನಿ ಹಿಂದಿನ ಬೀದಿಗೂ ಕೇಳುತ್ತದೆ. ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಯಾವ ಅಂಗಡಿಯವನು ತಕ್ಕಡಿಯಲ್ಲಿ ಕೈ ಇಡುತ್ತಾನೆ, ಎಲ್ಲ ಅವಳ ನಾಲಗೆ ತುದಿಯಲ್ಲಿ. ಒಂದನ್ನು ಬಿಟ್ಟು. ಪರೀಕ್ಷೆ ಮುಗಿಸಿ ಎದ್ದವರು ಬಾಗಿಲಿಗೆ ಹೋಗುವ ಮೊದಲು ತಿರುಗಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ.

“ಏನ್ ಬಂತಕ್ಕ?”

“ಡಾಕ್ಟರ್ ಹೇಳ್ತಾರೆ.”

“ನಿಮಗೆ ಕಾಣ್ತಿದೆಯಲ್ಲ, ಹೇಳಿದ್ರೆ ಏನು ಗಂಟು ಹೋಗುತ್ತೆ?”

“ಬೇಯಿಸೋಳು ನಾನು, ಬಡಿಸೋಳು ಅವರು. ಹೋಗಿ, ಎಲೆ ಮುಂದೆ ಕೂತ್ಕೊಳ್ಳಿ.”

ಕೆಲವರು ನಗುತ್ತಾರೆ. ಕೆಲವರು, ಇವಳಿಗೆ ಏನೂ ಬರೋದಿಲ್ಲ, ಸುಮ್ಮನೆ ಗುಂಡಿ ಒತ್ತೋಳು ಅಂತ ಗೊಣಗಿಕೊಂಡು ಹೋಗುತ್ತಾರೆ. ಎರಡಕ್ಕೂ ಅವಳು ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನವರ ಗದ್ದಕ್ಕೆ ತಟ್ಟೆ ಒರೆಸುತ್ತಿರುತ್ತಾಳೆ.

ಈ ಕೆಲಸ ಅವಳಿಗೆ ಕಲಿಸಿದವನು ಅವಳಿಗಿಂತ ಮುಂಚೆ ಆ ಸ್ಟೂಲಿನ ಮೇಲೆ ಕೂತಿದ್ದ ಮುದುಕ. ಸದಾ ಕೆಮ್ಮುವ, ಸಿಡುಕುವ ಆಸಾಮಿ. ಅವನ ಪಾಠ ಒಂದೇ ಉಸಿರಿನದು. “ಗದ್ದ, ಹಣೆ, ರೆಪ್ಪೆ, ಲೆನ್ಸು. ಈ ನಾಲ್ಕು ನಿನ್ನವು. ಇವುಗಳಲ್ಲಿ ತಪ್ಪಾದ್ರೆ ನಿನ್ನ ಜುಟ್ಟು ಹಿಡೀತೀನಿ. ಕಪ್ಪು ಯಾಕೆ ಬಿತ್ತು ಅನ್ನೋದು ನಿನ್ನದಲ್ಲ. ಅದಕ್ಕೆ ಬಾಯಿ ಹಾಕಿದ್ರೂ ಜುಟ್ಟು ಹಿಡೀತೀನಿ.” ಅವಳು ಹೂಂ ಅಂದಿದ್ದಳು. ಹೂಂ ಅನ್ನುವುದು ಸುಲಭ. ಪಾಠ ಮೈಗೆ ಹತ್ತಿದ್ದು ಮುದುಕ ಹೋದಮೇಲೆ, ಒಬ್ಬ ಬಡಗಿಯಿಂದ.

ಬಡಗಿಗೆ ವಯಸ್ಸಾಗಿತ್ತು. ಮಗಳ ಜೊತೆ ಬಂದಿದ್ದ. ಪರೀಕ್ಷೆ ಆಯಿತು. ಚಿತ್ರದಲ್ಲಿ ಎರಡು ಕಣ್ಣಿಗೂ ಮೇಲಿನ ಭಾಗ ಇದ್ದಲಿನ ಹಾಗೆ ಕಪ್ಪು. ಡಾಕ್ಟರಮ್ಮ ನೋಡುವುದು ಮುಂದಿನ ವಾರ. ಮಗಳು ಬಾಗಿಲಲ್ಲಿ ನಿಂತು ಸೆರಗು ತಿರುಚುತ್ತಾ ಬೇಡಿಕೊಂಡಳು, ವಾರಪೂರ್ತಿ ಹೊಟ್ಟೆಯಲ್ಲಿ ಕೆಂಡ ಇಟ್ಕೊಂಡು ಹೇಗಿರ್ಲಿ ಅಂದಳು. ಚುಕ್ಕಿಯಕ್ಕನಿಗೆ ಕರುಳು ಕಿವುಚಿತು. ಕರುಳಿಗೇನು, ಅದು ಎಲ್ಲರಿಗೂ ಇರುತ್ತದೆ. “ಮೇಲಿನ ಅರ್ಧ ಹೋಗಿದೆ ಕಣಮ್ಮ, ಅಪ್ಪನ್ನ ಹುಷಾರಾಗಿ ನೋಡ್ಕೋ” ಅಂದುಬಿಟ್ಟಳು.

ಬಡಗಿ ಮನೆಗೆ ಹೋದವನೇ ಉಳಿ, ಗರಗಸ, ಉಜ್ಜುಗೊರಡು ಎಲ್ಲವನ್ನೂ ಕರೆದು ಕರೆದು ಹಂಚಿದ. ಕುರುಡನಿಗೆ ಉಳಿ ಯಾಕೆ ಅಂದನಂತೆ. ಮುಂದಿನ ವಾರ ಡಾಕ್ಟರಮ್ಮ ಅವನ ಮುಖ ನೋಡಿದರು, ಜೋತುಬಿದ್ದ ರೆಪ್ಪೆಗಳನ್ನು ಬೆರಳಲ್ಲಿ ಎತ್ತಿ ನೋಡಿದರು, ಕಾಗದದ ಟೇಪಿನಿಂದ ಹುಬ್ಬಿಗೆ ಅಂಟಿಸಿ ಇನ್ನೊಮ್ಮೆ ಪರೀಕ್ಷೆಗೆ ಕಳಿಸಿದರು. ಕಪ್ಪು ಇಲ್ಲವೇ ಇಲ್ಲ. ಬಡಗಿಯ ಕಣ್ಣಿಗೆ ಏನೂ ಆಗಿರಲಿಲ್ಲ. ರೆಪ್ಪೆ ಕಿಟಕಿಯ ಚಾವಣಿಯ ಹಾಗೆ ಅಡ್ಡ ಬಂದಿತ್ತು, ಅಷ್ಟೇ. ರೆಪ್ಪೆ ಅವಳ ನಾಲ್ಕರಲ್ಲಿ ಒಂದು. ಅದನ್ನು ಟೇಪು ಹಾಕಿ ಎತ್ತಬೇಕಾಗಿದ್ದವಳು ಅವಳೇ. ತನ್ನ ಕೆಲಸ ಬಿಟ್ಟು ಡಾಕ್ಟರ ಕೆಲಸ ಮಾಡಲು ಹೋಗಿದ್ದಳು.

ಬಡಗಿ ಹೋಗುವಾಗ ಯಂತ್ರದ ಕೋಣೆಗೆ ಇಣುಕಿದ. “ನನ್ನ ಉಳಿಗಿಂತ ನಿನ್ನ ನಾಲಗೆ ಹರಿತ ಕಣಮ್ಮ. ಉಳಿ ಆದ್ರೆ ವಾಪಸ್ ಕೇಳಬಹುದು” ಅಂದ. ಕೇಳಿದ್ದೂ ಹೌದು, ಕೆಲವು ಬಂದವು, ಉಜ್ಜುಗೊರಡು ಬರಲಿಲ್ಲ. ಕೊಟ್ಟಿದ್ದನ್ನು ವಾಪಸ್ ಕೇಳುವ ಅವಮಾನ ಬೇರೆ. ಅಲ್ಲಿಂದ ಮುಂದೆ ಅವಳ ಉತ್ತರ ‘ಡಾಕ್ಟರ್ ಹೇಳ್ತಾರೆ’ ಒಂದೇ.

ಈಗ ಭಾವನ ವಿಷಯಕ್ಕೆ ಬರೋಣ. ಗಂಡನ ಅಣ್ಣ, ಬಸ್ ಡ್ರೈವರ್. ಡಿಪೋದಲ್ಲಿ ಅವನನ್ನು ಬೆಣ್ಣೆಬ್ರೇಕು ಅಂತ ಕರೆಯುತ್ತಿದ್ದರು. ಅವನ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯಬೇಕಿಲ್ಲ, ಬಸ್ ನಿಂತದ್ದೇ ಗೊತ್ತಾಗುವುದಿಲ್ಲ ಅನ್ನುವುದು ಹೆಗ್ಗಳಿಕೆ. ಮನೆಯಲ್ಲಿ ಅವನು ಯಜಮಾನ. ಕಿರಿದಾದ ಎರಡಂತಸ್ತಿನ ಮನೆ, ಕೆಳಗೆ ಅವನ ಸಂಸಾರ ಮತ್ತು ಚುಕ್ಕಿಯಕ್ಕನ ಅತ್ತೆ, ಮೇಲೆ ಅವಳು ಮತ್ತು ಗಂಡ. ಗಂಡ ಪ್ರೆಸ್ಸಿನಲ್ಲಿ ಯಂತ್ರ ಓಡಿಸುವವನು. ಅವನ ಪಾಲಿನ ಮಾತೆಲ್ಲ ಹೆಂಡತಿಯೇ ಆಡಿ ಮುಗಿಸುವುದರಿಂದ ಅವನಿಗೆ ಹೆಚ್ಚು ಉಳಿದಿರುವುದಿಲ್ಲ.

ಒಂದು ದಿನ ಭಾವ ಡೀಸೆಲ್ ಹಾಕಿಸಲು ಹೋದವನು ಬಸ್ಸಿನ ನೆತ್ತಿಯನ್ನು ಬಂಕಿನ ಚಾವಣಿಗೆ ತಾಗಿಸಿದ. ಮುಂದಿನ ಬೋರ್ಡು ಒಡೆಯಿತು. ಯಾರಿಗೂ ಏನೂ ಆಗಲಿಲ್ಲ. “ಬಂಕೇ ತಗ್ಗಿದೆ ಕಣ್ರೋ, ಮಳೆಗೆ ಕುಸಿದಿರ್ಬೇಕು” ಅಂತ ನಗಿಸಿದ. ಡಿಪೋದವರು ನಕ್ಕರು, ನಕ್ಕು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಡಿಪೋದ ಡ್ರೈವರುಗಳನ್ನೆಲ್ಲ ನೋಡುವ ಗುತ್ತಿಗೆ ಇದ್ದದ್ದು ಚುಕ್ಕಿಯಕ್ಕನ ಆಸ್ಪತ್ರೆಗೇ. ಕಣ್ಣು ಸರಿ ಇದೆ ಅನ್ನುವ ಚೀಟಿ ಇಲ್ಲದೆ ಸ್ಟೇರಿಂಗ್ ಮುಟ್ಟುವಂತಿಲ್ಲ.

ಭಾವ ಯೂನಿಫಾರ್ಮಿನಲ್ಲೇ ಬಂದ. ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ದನಿ ತಗ್ಗಿಸಿದ.

“ಏಯ್, ಚುಕ್ಕೆ ಬಂದಾಗ ಬೆನ್ನಿಗೆ ಹೀಗೆ ಒಂದು ಬೆರಳು ತಟ್ಟು. ಯಾರಿಗೆ ಗೊತ್ತಾಗುತ್ತೆ?”

“ಮೆಷಿನ್ನಿಗೆ ಗೊತ್ತಾಗುತ್ತೆ ಭಾವ.”

“ಮೆಷಿನ್ನೇನು ನಿನ್ನ ಅತ್ತೆನಾ?”

“ಅತ್ತೆಗಿಂತ ಒಂದು ಕೈ ಜಾಸ್ತಿ. ಗದ್ದ ಇಡಿ. ನಡುವಿನ ದೀಪ ನೋಡಿ. ಬೇರೆ ಕಡೆ ಹುಡುಕಬೇಡಿ.”

ಅವನು ಹುಡುಕಿದ. ಎಲ್ಲ ಡ್ರೈವರುಗಳೂ ಹುಡುಕುತ್ತಾರೆ. ದಾರಿ ಪೂರ್ತಿ ಕನ್ನಡಿಯಿಂದ ಕನ್ನಡಿಗೆ ಕಣ್ಣು ಹಾಯಿಸುವುದೇ ಅವರ ಕಸುಬು, ಒಂದೇ ದೀಪವನ್ನು ನೋಡುತ್ತಾ ಕೂರು ಅಂದರೆ ಕೈಕಾಲು ಕಟ್ಟಿದ ಹಾಗಾಗುತ್ತದೆ. ಅದೂ ಸಾಲದು ಅಂತ ತಾಳ ಹಾಕುವವನ ಹಾಗೆ ಸುಮ್ಮಸುಮ್ಮನೆ ಗುಂಡಿ ಒತ್ತಿದ. ಡಿಪೋದಲ್ಲಿ ಯಾರೋ ಹೇಳಿಕೊಟ್ಟಿದ್ದರು, ಲಯ ಹಿಡಿದು ಒತ್ತಿದರೆ ಪಾಸು ಅಂತ. ಚುಕ್ಕೆಯೇ ಇಲ್ಲದ ಕಡೆ ಒತ್ತಿದರೆ ಯಂತ್ರ ಅದನ್ನೂ ಬರೆದುಕೊಳ್ಳುತ್ತದೆ. ಅವಳು ಪರೀಕ್ಷೆ ನಿಲ್ಲಿಸಿದಳು.

“ಇದು ಎಣಿಕೆಗೆ ಬರಲ್ಲ ಭಾವ. ಮತ್ತೆ ಮೊದಲಿಂದ. ಈ ಸಲ ಕಂಡಾಗ ಮಾತ್ರ.”

“ನೀನೊಬ್ಬಳು ಇದ್ದೀಯಲ್ಲ ಮನೆಗೆ ಮಾರಿ” ಅಂದ. ಆದರೆ ಈ ಸಲ ನೇರ ಕೂತ.

ಚಿತ್ರ ಬಂತು. ಎಡಗಣ್ಣಿನ ಮೇಲ್ಭಾಗದಲ್ಲಿ ಕಪ್ಪು. ಬಲಗಣ್ಣಿನಲ್ಲೂ ಸ್ವಲ್ಪ. ಅವಳು ಭಾವನ ಮುಖ ನೋಡಿದಳು. ಆ ಮನೆಯ ಗಂಡಸರಿಗೆಲ್ಲ ರೆಪ್ಪೆ ದಪ್ಪ, ವಯಸ್ಸಾದ ಹಾಗೆ ಜೋಲುತ್ತವೆ. ತೀರಿಹೋದ ಮಾವನ ಫೋಟೋದಲ್ಲೂ ಹಾಗೇ ಅರ್ಧ ನಿದ್ದೆಯ ಮುಖ. ಟೇಪು ತಂದು ರೆಪ್ಪೆ ಎತ್ತಿ ಹುಬ್ಬಿಗೆ ಅಂಟಿಸಿದಳು. “ಮದುವಣಿಗನ್ನ ಮಾಡ್ತಿದ್ದೀಯಾ?” ಅಂದ. ಮತ್ತೆ ಪರೀಕ್ಷೆ. ಬಲಗಣ್ಣಿನದು ಹೋಯಿತು. ಎಡಗಣ್ಣಿನ ಕಪ್ಪು ಅರ್ಧ ಹೋಯಿತು, ಅರ್ಧ ಉಳಿಯಿತು. ಅಷ್ಟು ಹೊತ್ತಿಗೆ ಅವನು ಸುಸ್ತಾಗಿದ್ದ, ಕಣ್ಣಲ್ಲಿ ನೀರು, ನಡುನಡುವೆ ತೂಕಡಿಕೆ. ಸುಸ್ತಾದವರ ಚಿತ್ರದಲ್ಲಿ ಇಲ್ಲದ ಕಪ್ಪೂ ಬೀಳುತ್ತದೆ, ಅದು ಅವಳಿಗೆ ಗೊತ್ತು.

ರೆಪ್ಪೆ, ಜೊತೆಗೆ ಸುಸ್ತು. ಬಡಗಿಯ ಹಾಗೇ ಇದೂ. ಅವಳ ಮನಸ್ಸು ಆಗಲೇ ಹಾಗಂತ ತೀರ್ಪು ಕೊಟ್ಟಾಗಿತ್ತು.

“ಏನ್ ಬಂತು?” ಟೇಪು ಕೀಳುತ್ತಾ ಭಾವ ಕೇಳಿದ.

“ಡಾಕ್ಟರ್ ಹೇಳ್ತಾರೆ.”

ಡಾಕ್ಟರಮ್ಮ ಆ ದಿನ ಇನ್ನೊಂದು ಶಾಖೆಯಲ್ಲಿ ಆಪರೇಷನ್ನಿನಲ್ಲಿದ್ದರು. ಚುಕ್ಕಿಯಕ್ಕ ಫೋನ್ ಮಾಡಿದಳು, ನರ್ಸು ಎತ್ತಿ, ನಾಳೆ ಬೆಳಗ್ಗೆ ಮೊದಲ ರೋಗಿಯಾಗಿ ಕೂರಿಸಿ ಅಂದಳು. ಇದನ್ನು ಹೇಳಲು ಹೊರಗೆ ಬಂದರೆ ಮ್ಯಾನೇಜರು ಅಡ್ಡ ನಿಂತಿದ್ದ. ಅವನಿಗೆ ಡಿಪೋದ ಗುತ್ತಿಗೆಯ ಚಿಂತೆ. ಅದೇ ದಿನ ಚೀಟಿ ಕೊಡುತ್ತೇವೆ ಅಂತ ಹೇಳಿಕೊಂಡು ಬಂದಿದ್ದವನು ಅವನೇ.

“ಡಾಕ್ಟರಮ್ಮನ ಸೀಲು ಡ್ರಾಯರಿನಲ್ಲಿದೆ. ಒತ್ತಿ ಕೊಟ್ಟುಬಿಡು. ನಾಳೆ ಅವರಿಗೆ ನಾನು ಹೇಳ್ತೀನಿ.”

“ಅವರು ನೋಡಿಲ್ಲ ಸಾರ್.”

“ನೀನು ನೋಡಿದ್ದೀಯಲ್ಲ. ಇಷ್ಟು ವರ್ಷ ಆ ಮೆಷಿನ್ ಮುಂದೆ ಕೂತಿದ್ದೀಯ, ನೀನೇ ಅರ್ಧ ಡಾಕ್ಟರು.”

“ಹಾಗಾದ್ರೆ ಸಂಬಳಾನೂ ಅರ್ಧ ಡಾಕ್ಟರದ್ದು ಮಾಡ್ಸಿ. ಬಸ್ ಯಾರ ಮೇಲಾದ್ರೂ ಹತ್ತಿದ್ರೆ ಕೋರ್ಟಿಗೆ ಅರ್ಧ ನೀವು ಬನ್ನಿ.”

ಮ್ಯಾನೇಜರು ಮುಖ ಸಿಂಡರಿಸಿದ. “ಎಲ್ಲದಕ್ಕೂ ‘ನನ್ನ ಕೆಲಸ ಅಲ್ಲ’ ಅನ್ನೋರನ್ನ ಇಟ್ಕೊಂಡು ನಾನು ಆಸ್ಪತ್ರೆ ನಡೆಸ್ಬೇಕು.”

ಈ ಮಾತಿನ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ‘ನನ್ನ ಕೆಲಸ ಅಲ್ಲ’ ಅನ್ನುವುದನ್ನು ಮೈಗಳ್ಳರೂ ಹೇಳುತ್ತಾರೆ, ಅದಕ್ಕೇ ಆ ಮಾತಿಗೆ ಕೆಟ್ಟ ಹೆಸರು. ಕೆಲಸಗಾರನನ್ನು ಹೊಗಳಿ ಮೇಲಿನವನ ಜಾಗದಲ್ಲಿ ಕೂರಿಸುವುದು ಧಣಿಗಳ ಹಳೇ ಆಟ. ಹೊಗಳಿಕೆಗೆ ಖರ್ಚಿಲ್ಲ. ಆ ಜಾಗದ ಸಂಬಳ ಇವನಿಗಿಲ್ಲ, ಆ ಜಾಗದ ಓದೂ ಇಲ್ಲ, ಏನಾದರೂ ಕೆಟ್ಟರೆ ಕುತ್ತಿಗೆ ಮಾತ್ರ ಇವನದೇ. ಹೆಚ್ಚು ಸಂಬಳಕ್ಕೆ ಬೀದಿಗಿಳಿದು ಕೂಗಿದವರು ಬೇಕಾದಷ್ಟು ಜನ ಇದ್ದಾರೆ. ಬಾರದ ಕೆಲಸವನ್ನು ಬಾರದು ಅಂತ ಮುಖಕ್ಕೆ ಹೇಳಿದವರು ಕಡಿಮೆ. ಅದಕ್ಕೆ ಬಾವುಟವೂ ಇಲ್ಲ, ಘೋಷಣೆಯೂ ಇಲ್ಲ.

ರಾತ್ರಿ ಕೆಳಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಭಾವ ಡಿಪೋಗೆ ಫೋನ್ ಮಾಡಿದ್ದ. ಅಲ್ಲಿನ ಕಂಟ್ರೋಲರು ಹಳೇ ಗೆಳೆಯ. ನಾಳೆ ಬೆಳಗಿನ ಗಾಡಿಗೆ ಜನ ಇಲ್ಲದೆ ತಲೆ ಕೆರೆದುಕೊಳ್ಳುತ್ತಿದ್ದ. “ನಿಮ್ಮ ಮನೆ ಸೊಸೆನೇ ಮೆಷಿನ್ ಹತ್ತಿರ ಇರೋದಲ್ವಾ? ಅವಳು ಪರವಾಗಿಲ್ಲ ಅಂದ್ರೆ ಬಂದು ಗಾಡಿ ಎತ್ತು ಮಾರಾಯ, ಚೀಟಿ ಮಧ್ಯಾಹ್ನ ಕೊಡುವಂತೆ” ಅಂದಿದ್ದ. ಹಾಗಾಗಿ ಈಗ ಭಾವನ ಬಸ್ಸು ನಿಂತಿದ್ದು ಚುಕ್ಕಿಯಕ್ಕನ ಬಾಯಿಯ ಮೇಲೆ.

ಅತ್ತೆ ಶುರು ಮಾಡಿದರು. “ಏನಂತೆ ಅವನ ಕಣ್ಣು?”

“ನಾಳೆ ಡಾಕ್ಟರಮ್ಮ ನೋಡಿ ಹೇಳ್ತಾರೆ ಅತ್ತೆ.”

“ನೋಡಿದೋಳು ನೀನು, ಹೇಳೋಳು ಅವಳಾ? ಚೆನ್ನಾಗಿದೆ ಕಣೇ ನಿಮ್ಮ ಆಸ್ಪತ್ರೆ.”

“ಉದ್ದ ಬೇಡ” ಅಂದ ಭಾವ. “ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಸಾಕು.”

“ಎರಡೂ ನನ್ನದಲ್ಲ ಭಾವ.”

“ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ನಾನೇನು ದಾರಿಯಲ್ಲಿ ಹೋಗೋನಾ?”

ಓರಗಿತ್ತಿ, ಅಂದರೆ ಭಾವನ ಹೆಂಡತಿ, ಅಲ್ಲಿಯ ತನಕ ಬಡಿಸುತ್ತಲೇ ಇದ್ದಳು. ಸೌಟನ್ನು ಪಾತ್ರೆಗೆ ಸದ್ದಾಗುವ ಹಾಗೆ ಹಾಕಿದಳು. “ಕೆಟ್ಟದ್ದೇ ಇರ್ಬೇಕು. ಇಲ್ಲಾಂದ್ರೆ ಇಷ್ಟು ಹೊತ್ತಿಗೆ ಬೀದಿಗೆಲ್ಲ ಸಾರಿ ಬರ್ತಿದ್ದಳು. ಊರ ಸುದ್ದಿಗೆಲ್ಲ ಬಾಯಿ ಇದೆ, ಮನೆಯೋರ ಸುದ್ದಿಗೆ ಬೀಗ.”

“ಕೆಟ್ಟದ್ದು ಅಂತ ನಾನು ಹೇಳಿಲ್ಲ ಅಕ್ಕ.”

“ಒಳ್ಳೇದು ಅಂತಾನೂ ಹೇಳಿಲ್ಲ. ಒಂದು ಕೇಳ್ತೀನಿ, ಹೇಳು. ನಿನ್ನ ಗಂಡನೇ ಆ ತಟ್ಟೆ ಮೇಲೆ ಗದ್ದ ಇಟ್ಟಿದ್ರೆ ಹೀಗೇ ಬಾಯಿ ಮುಚ್ಕೊಂಡು ಅನ್ನ ಕಲಸ್ತಿದ್ದೆಯಾ?”

“ಕಲಸ್ತಿದ್ದೆ.”

“ಹೇಳೋಕೇನು, ನಾಲಗೆಗೆ ಮೂಳೆ ಇದೆಯಾ?”

ಗಂಡ ತಲೆ ಎತ್ತಲಿಲ್ಲ. ಅವನನ್ನು ನೋಡಿ ಪ್ರಯೋಜನವೂ ಇರಲಿಲ್ಲ. ಚುಕ್ಕಿಯಕ್ಕನ ಗಂಟಲಿಗೆ ಅಡ್ಡ ನಿಂತಿದ್ದು ಕೆಟ್ಟ ಸುದ್ದಿಯಾಗಿದ್ದರೆ ನುಂಗಿಕೊಂಡು ಕೂರುವುದಕ್ಕೆ ಒಂದು ಗತ್ತಾದರೂ ಇರುತ್ತಿತ್ತು. ಅವಳ ಪ್ರಕಾರ ಸುದ್ದಿ ಒಳ್ಳೆಯದೇ ಇತ್ತು. ‘ರೆಪ್ಪೆ ಜೋತಿದೆ ಭಾವ, ಬೇರೇನಿಲ್ಲ’ ಅಂದುಬಿಟ್ಟರೆ ಅತ್ತೆಯ ಮುಖ ಅರಳುತ್ತದೆ, ಓರಗಿತ್ತಿ ಇನ್ನೊಂದು ಸೌಟು ಬಡಿಸುತ್ತಾಳೆ, ಭಾವ ಬೆಳಗ್ಗೆ ಶಿಳ್ಳೆ ಹಾಕಿಕೊಂಡು ಡಿಪೋಗೆ ಹೋಗುತ್ತಾನೆ. ಒಳ್ಳೇ ಸುದ್ದಿ ಹೇಳುವುದಕ್ಕೇನು ಅಡ್ಡಿ? ಇದು ಬಡಗಿಯ ವಿಷಯದಲ್ಲಿ ಹೇಳಿದಂಥ ಮಾತಲ್ಲವಲ್ಲ, ಯಾರ ಉಳಿಯೂ ಹೋಗುವುದಿಲ್ಲವಲ್ಲ.

ಮಾತು ಹಲ್ಲಿನ ತನಕ ಬಂದಿತ್ತು. ಅವಳನ್ನು ತಡೆದದ್ದು ಯಾವ ದೊಡ್ಡ ತತ್ವವೂ ಅಲ್ಲ. ಅವತ್ತು ಬಡಗಿಯ ಮಗಳಿಗೆ ಹೇಳುವಾಗಲೂ ತನಗೆ ಇಷ್ಟೇ ಖಾತ್ರಿ ಇತ್ತು ಅನ್ನುವುದು ನೆನಪಾಯಿತು. ಇಷ್ಟೇ ಖಾತ್ರಿ, ಒಂದು ಕೂದಲೆಳೆಯೂ ಕಡಿಮೆ ಇರಲಿಲ್ಲ.

“ಭಾವ, ಒಳ್ಳೇದು ಅಂತಾನೂ ಅಲ್ಲ, ಕೆಟ್ಟದ್ದು ಅಂತಾನೂ ಅಲ್ಲ. ಡಾಕ್ಟರ್ ನೋಡದೆ ಯಾವ ಡ್ರೈವರಿಗೂ ಚೀಟಿ ಇಲ್ಲ, ನಿಮಗೂ ಇಲ್ಲ. ಬೆಳಗ್ಗೆ ಗಾಡಿ ಎತ್ತಬೇಡಿ. ನಾನು ಪರವಾಗಿಲ್ಲ ಅಂದೆ ಅಂತ ಕಂಟ್ರೋಲರಿಗೆ ಹೇಳಬೇಡಿ. ನಾನು ಹಾಗೆ ಅಂದಿಲ್ಲ.”

ಭಾವ ತಟ್ಟೆಯಲ್ಲೇ ಕೈ ತೊಳೆದು ಎದ್ದ. “ಇವಳ ಅಪ್ಪಣೆ ತಗೊಂಡು ಬಸ್ ಓಡಿಸೋ ಕಾಲ ಬಂತಪ್ಪ” ಅಂದು ಹೊರಗೆ ಹೋದ. ಅತ್ತೆ ಗೋಡೆಯ ಕಡೆ ತಿರುಗಿ, ಮನೆಗೆ ಸೊಸೆ ತಂದೆವೋ ನ್ಯಾಯಾಧೀಶೆ ತಂದೆವೋ ಅಂತ ಗೋಡೆಯನ್ನೇ ಕೇಳಿದರು. ಚುಕ್ಕಿಯಕ್ಕ ಮೇಲೆ ಹೋದಳು. ಗಂಡ ಹಿಂದೆಯೇ ಬಂದ. ಮೆಟ್ಟಿಲ ಮೇಲೆ, “ನನಗಾದ್ರೂ ಹೇಳ್ಬಾರ್ದಾ?” ಅಂದ. “ನೀವು ಹೋಗಿ ನಿಮ್ಮ ಅಣ್ಣನಿಗೆ ಹೇಳೋಕಾ?” ಅಂದಳು.

ಬೆಳಗ್ಗೆ ಎದ್ದು ಕೆಳಗೆ ಬಂದರೆ ಭಾವನ ಶೂ ಬಾಗಿಲಲ್ಲಿ ಇರಲಿಲ್ಲ. ಯೂನಿಫಾರ್ಮು ಹಗ್ಗದ ಮೇಲಿರಲಿಲ್ಲ. ಓರಗಿತ್ತಿ ಪಾತ್ರೆ ಉಜ್ಜುತ್ತಾ, ನೋಡದೆಯೇ, “ಹೋದರು, ಹೊತ್ತು ಹುಟ್ಟೋಕೆ ಮುಂಚೆ” ಅಂದಳು. ಚುಕ್ಕಿಯಕ್ಕ ಚಪ್ಪಲಿ ಮೆಟ್ಟಿದಳು. ರೆಪ್ಪೆಯೇ ತಾನೇ, ಏನಾಗುತ್ತೆ ಅಂತ ತನಗೆ ತಾನೇ ಹೇಳಿಕೊಂಡಳು. ಆಸ್ಪತ್ರೆಯ ತನಕ ದಾರಿಯಲ್ಲಿ ಕಂಡ ಪ್ರತಿ ಬಸ್ಸಿನ ಡ್ರೈವರ್ ಸೀಟನ್ನೂ ಕತ್ತು ಉದ್ದ ಮಾಡಿ ನೋಡಿದಳು. ಅಷ್ಟರಿಂದಲೇ ಗೊತ್ತಾಗುತ್ತದೆ, ಅವಳ ಖಾತ್ರಿ ಎಷ್ಟು ಗಟ್ಟಿ ಇತ್ತು ಅಂತ.

ಆಸ್ಪತ್ರೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹೊರಗಿನ ಕಲ್ಲುಬೆಂಚಿನ ಮೇಲೆ ಬೆಣ್ಣೆಬ್ರೇಕು ಯೂನಿಫಾರ್ಮಿನಲ್ಲಿ, ಟೋಪಿ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದ.

“ಡಿಪೋಗೆ ಹೋದೆ. ಕೀ ಕೊಟ್ಟ. ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟೂ ಇಟ್ಟೆ. ನಿನ್ನ ಹಾಳು ಮೋರೆ ನೆನಪಾಯ್ತು, ಇಳಿದೆ.” ಬೇರೆ ಕಡೆ ನೋಡುತ್ತಾ ಅಂದ. “ಬೇರೆಯವನು ಎತ್ಕೊಂಡು ಹೋದ. ಬೋ...ಮಗ, ಗೇಟಿನಲ್ಲೇ ಬ್ರೇಕ್ ಹಾಕಿ ಎಲ್ಲರನ್ನೂ ಕುಕ್ಕಿದ.”

ಡಾಕ್ಟರಮ್ಮ ಮೊದಲು ಅವನನ್ನೇ ನೋಡಿದರು. ಕಣ್ಣಿನ ಒತ್ತಡ ನೋಡಿದರು, ಹನಿ ಹಾಕಿ ಒಳಗಿನ ನರ ನೋಡಿದರು, ಚಿತ್ರ ಬೆಳಕಿಗೆ ಹಿಡಿದರು. ಚುಕ್ಕಿಯಕ್ಕನನ್ನು ಕರೆದು, “ಟೇಪ್ ಹಾಕಿದ್ಯಾ? ಎರಡನೇ ಸಲ ಸುಸ್ತಾಗಿದ್ರಾ?” ಅಂತ ಕೇಳಿದರು. ಎರಡಕ್ಕೂ ಹೌದು ಅಂದಳು. ಬಲಗಣ್ಣಿನದು ರೆಪ್ಪೆ. ಎಡಗಣ್ಣಿನಲ್ಲಿ ಉಳಿದ ಕಪ್ಪು ರೆಪ್ಪೆಯಲ್ಲ, ಸುಸ್ತೂ ಅಲ್ಲ. ಕಣ್ಣಿನೊಳಗಿನ ಒತ್ತಡಕ್ಕೆ ನರ ಸವೆದಿತ್ತು. ನೋವಿಲ್ಲದೆ, ಹೇಳದೆ ಕೇಳದೆ, ಎಷ್ಟು ವರ್ಷದಿಂದಲೋ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ದಿನಾ ಹನಿ ಹಾಕಬೇಕು, ಜೀವ ಇರುವ ತನಕ. “ಮತ್ತೆ ಬಸ್?” ಅಂದ ಭಾವ.

“ಬಸ್ ಬೇಡ” ಅಂದರು ಡಾಕ್ಟರಮ್ಮ.

ಭಾವ ಟೋಪಿಯನ್ನು ಮಂಡಿಯ ಮೇಲೆ ಒಂದು ಸುತ್ತು ತಿರುಗಿಸಿದ. ಹೊರಗೆ ಬಂದ ಮೇಲೆ ಚುಕ್ಕಿಯಕ್ಕನಿಗೆ, “ನಿನಗೆ ರಾತ್ರಿನೇ ಗೊತ್ತಿತ್ತು” ಅಂದ.

“ಇಲ್ಲ ಭಾವ. ನಾನು ರೆಪ್ಪೆ ಅಂದ್ಕೊಂಡಿದ್ದೆ.”

ಅವನು ತಿರುಗಿ ಅವಳನ್ನು ಪೂರ್ತಿ ನೋಡಿದ. “ಏನೂ ಇಲ್ಲ ಅಂದ್ಕೊಂಡಿದ್ದೆಯಾ?”

“ಹೂಂ. ಬಾಯಿ ತನಕ ಬಂದಿತ್ತು.”

“ಹೇಳಿದ್ರೆ ಇಷ್ಟು ಹೊತ್ತಿಗೆ ಗಾಡಿ ಮೇಲಿರ್ತಿದ್ದೆ.”

“ಹೂಂ.”

ಬಡಗಿಯ ವಿಷಯದಲ್ಲಿ ಅವಳ ಅಂದಾಜು ತಪ್ಪು, ಭಾವನ ವಿಷಯದಲ್ಲೂ ತಪ್ಪು. ಒಂದು ಸಲ ಬಾಯಿ ಬಿಟ್ಟಿದ್ದಳು, ಒಂದು ಸಲ ಬಿಡಲಿಲ್ಲ. ಇದರಲ್ಲಿ ಅವಳ ಜಾಣತನ ಹುಡುಕುವವರು ಹುಡುಕಿಕೊಳ್ಳಲಿ, ಅವಳಂತೂ ಹುಡುಕಿಲ್ಲ.

ಆಮೇಲೆ ಎಲ್ಲ ಸರಿಹೋಯಿತು ಅಂತೇನಿಲ್ಲ. ಭಾವನನ್ನು ಡಿಪೋದಲ್ಲೇ ಮೈಕಿನ ಮುಂದೆ ಕೂರಿಸಿದರು. ಯಾವ ಬಸ್ ಯಾವ ಕಟ್ಟೆಯಿಂದ ಹೊರಡುತ್ತೆ ಅಂತ ಕೂಗುವ ಕೆಲಸ. ಬೆಣ್ಣೆಬ್ರೇಕು ಅನ್ನುವ ಹೆಸರು ಉಳಿಯಿತು, ಬ್ರೇಕು ಉಳಿಯಲಿಲ್ಲ. ಮೊದಮೊದಲು ಯಾವ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದರೂ ಮೈಕಿನಲ್ಲೇ ಬೈಯುತ್ತಿದ್ದ, ಪ್ರಯಾಣಿಕರಿಗೆಲ್ಲ ಕೇಳುವ ಹಾಗೆ. ಮ್ಯಾನೇಜರು ಚುಕ್ಕಿಯಕ್ಕನ ಮೇಲೆ ದೂರು ಹೇಳಲು ಹೋದ. ಡಾಕ್ಟರಮ್ಮ ಪೂರ್ತಿ ಕೇಳಿದರು, ಎದ್ದು ಡ್ರಾಯರಿನಿಂದ ಸೀಲು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಅವನನ್ನು ತೆಗೆಯಲಿಲ್ಲ, ಇವಳನ್ನು ಹೊಗಳಲಿಲ್ಲ. ಆ ವರ್ಷ ಎಲ್ಲರಿಗೂ ಸಂಬಳ ಏರಿತು, ಅವಳಿಗೆ ಏರಲಿಲ್ಲ. ಕೇಳಿದರೆ ಮ್ಯಾನೇಜರು, ಅದು ನನ್ನ ಕೆಲಸ ಅಲ್ಲ ಅಂದ.

ಓರಗಿತ್ತಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ರೆಪ್ಪೆ ಅಂದುಕೊಂಡಿದ್ದಳು ಅನ್ನುವುದನ್ನು ಅವಳು ನಂಬಲೇ ಇಲ್ಲ. “ಗೊತ್ತಿದ್ದೂ ನನ್ನ ಕೈಯಲ್ಲಿ ಬಡಿಸ್ಕೊಂಡು ಉಂಡಳು. ಅವಳ ಗಂಡನಿಗೆ ಬಂದಿದ್ರೆ ಗೊತ್ತಾಗ್ತಿತ್ತು” ಅಂತ ಬಟ್ಟೆ ಹಿಂಡುವಾಗ, ಕಸ ಗುಡಿಸುವಾಗ, ಮೇಲಕ್ಕೆ ಕೇಳುವ ಹಾಗೆ ಅನ್ನುತ್ತಿದ್ದಳು. ಎಲ್ಲದಕ್ಕೂ ತಿರುಗಿ ಕೊಡುವ ಚುಕ್ಕಿಯಕ್ಕ ಇದೊಂದಕ್ಕೆ ತಿರುಗಿ ಕೊಡಲಿಲ್ಲ. ಕೊಡಲು ಏನಿತ್ತು? ‘ಕಲಸ್ತಿದ್ದೆ’ ಅಂದಾಗಿತ್ತು. ಅದು ನಿಜವೋ ಸುಳ್ಳೋ ಅವಳಿಗೂ ಗೊತ್ತಿರಲಿಲ್ಲ.

ಭಾವ ಮತ್ತೆ ತೋರಿಸಿಕೊಳ್ಳಲು ಹೋದಾಗ ಡಾಕ್ಟರಮ್ಮ ಕೇಳಿದರು, ಒಡಹುಟ್ಟಿದವರು ಯಾರಿದ್ದಾರೆ ಅಂತ. ಈ ರೋಗ ರಕ್ತಸಂಬಂಧದಲ್ಲಿ ಬರುತ್ತದಂತೆ. ತಮ್ಮ ಇದ್ದಾನೆ ಅಂದ ಭಾವ. ಕರೆದುಕೊಂಡು ಬನ್ನಿ ಅಂದರು.

ಹಾಗೆ ಒಂದು ಬೆಳಗ್ಗೆ ಗಂಡ ಪ್ರೆಸ್ಸಿಗೆ ರಜೆ ಹಾಕಿ ಬಂದು ಆ ತಟ್ಟೆಯ ಮೇಲೆ ಗದ್ದ ಇಟ್ಟ. ಭಾವ, ಓರಗಿತ್ತಿ ಇಬ್ಬರೂ ಬಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಕೋಣೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಳಗಿನ ಮಾತು ಬೆಂಚಿಗೆ ಕೇಳುತ್ತದೆ. ಅದು ಓರಗಿತ್ತಿಗೆ ಗೊತ್ತಿತ್ತು. ಅದಕ್ಕೇ ಬಂದಿದ್ದಳು ಅಂತ ಆಮೇಲೆ ಭಾವನೇ ಹೇಳಿದ.

“ಹಣೆ ಒತ್ತಿ. ನಡುವಿನ ದೀಪ ನೋಡಿ. ಕಂಡಾಗ ಮಾತ್ರ.”

ಗಂಡನ ರೆಪ್ಪೆಗೆ ಟೇಪು ಹಾಕುವಾಗ ಎರಡು ತುಂಡು ಟೇಪು ವ್ಯರ್ಥವಾಯಿತು. ಯಂತ್ರದ ಪಕ್ಕದ ಪುಟ್ಟ ಪರದೆಯಲ್ಲಿ ಅವನ ಒಂದು ಕಣ್ಣು ದೊಡ್ಡದಾಗಿ, ಪ್ರೆಸ್ಸಿನಲ್ಲಿ ಕಾಗದ ನೋಡುವ ಹಾಗೆ, ಅಲುಗಾಡದೆ ನಡುವಿನ ದೀಪವನ್ನೇ ನೋಡುತ್ತಿತ್ತು. ಒಳ್ಳೇ ರೋಗಿ. ಚಿತ್ರ ಬಂತು. ಎಡಗಣ್ಣಿನ ಅಂಚಿನಲ್ಲಿ ಒಂದೆರಡು ಕಪ್ಪು ಚುಕ್ಕೆ. ಅದು ಲೆನ್ಸಿನ ಅಂಚು ಅಡ್ಡ ಬಂದದ್ದಿರಬಹುದು, ಇಲ್ಲದಿರಲೂಬಹುದು. ಲೆನ್ಸು ಅವಳದು, ಸರಿ ಮಾಡಿ ಕೂರಿಸಿ ಮತ್ತೊಮ್ಮೆ ತೆಗೆದಳು. ಎರಡು ಚಿತ್ರವನ್ನೂ ಒಟ್ಟಿಗೆ ಪಿನ್ ಮಾಡಿದಳು.

ಗಂಡ ಟೇಪು ಕಿತ್ತು, ಹುಬ್ಬು ಉಜ್ಜಿಕೊಂಡ. ಅವನು ಅಷ್ಟು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಕೇಳಿದ್ದೇ ಕಡಿಮೆ.

“ಏನ್ ಬಂತು?”

ಹೊರಗಿನ ಬೆಂಚು ಕಿವಿ ನೆಟ್ಟಿತ್ತು.

“ಡಾಕ್ಟರ್ ಹೇಳ್ತಾರೆ.”

“ಲೇ, ನಾನು ಕಣೇ.”

“ಗೊತ್ತು. ಹೋಗಿ, ಹೊರಗೆ ಕೂತ್ಕೊಳ್ಳಿ. ಕರೀತಾರೆ.”

ಅವನು ಹೊರಗೆ ಬಂದ. ಓರಗಿತ್ತಿ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. “ಕೂತ್ಕೋ ಮೈದುನ. ಅವಳನ್ನ ಕೇಳಿ ಪ್ರಯೋಜನ ಇಲ್ಲ. ಆ ಗೋಡೆಗೆ ತಲೆ ಚಚ್ಚಿಕೊಂಡು ನಮಗೆ ಬುದ್ಧಿ ಬಂದಿದೆ.” ದನಿಯಲ್ಲಿ ಸಿಟ್ಟು ಇತ್ತು, ಹಳೇ ಸಿಟ್ಟಲ್ಲ. ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು, ಬಾಗಿಲ ಸಂದಿಯಿಂದ ಒಳಗೆ ಚಾಚಿ, “ತಗೋ, ನಿನ್ನ ಗಂಟಲೂ ಒಣಗಿರುತ್ತೆ” ಅಂದಳು.

ಡಾಕ್ಟರಮ್ಮ ಕರೆದಾಗ ಎಲ್ಲರೂ ಒಳಗೆ ಹೋದರು. ಚುಕ್ಕಿಯಕ್ಕ ಮುಂದಿನ ರೋಗಿಯನ್ನು ಸ್ವಲ್ಪ ಕಾಯಿಸಿ, ಸ್ವೆಟರಿನ ತೋಳು ಎಳೆದುಕೊಂಡು, ಅವರ ಹಿಂದೆ ಬಾಗಿಲಿಗೆ ಒರಗಿ ನಿಂತಳು. ಏನೂ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಸಾಕು ಅಂದರು ಡಾಕ್ಟರಮ್ಮ. ಅವಳಿಗೂ ಅದು ಗೊತ್ತಾಗಿದ್ದು ಆ ಗಳಿಗೆಯಲ್ಲೇ, ಎಲ್ಲರ ಜೊತೆಗೆ.